ಒಳಜೇಬಿನ ಏಳನೇ ನಂಬರ್ ಫಾರಂ

ಆ ದಿನ ಶ್ರೀನಿವಾಸಪುರದಲ್ಲಿ ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಬಿಸಿಲಿನ ನೆನಪಿಲ್ಲ. ನೆನಪಿರುವುದು ಕರಿ ಕೋಟಿನೊಳಗಿನ ಬೆವರು. ಅದರಿಂದ ಬಿಸಿಲನ್ನು ಊಹಿಸಿಕೊಂಡಿದ್ದೆ, ಅಷ್ಟೆ.

ಎಪ್ಪತ್ತರ ದಶಕ. ಗೇಣಿಗೆ ಉಳುತ್ತಿದ್ದವರು ಏಳನೇ ನಂಬರ್ ಫಾರಂ ತುಂಬಿ, ಗಡುವಿನೊಳಗೆ ತಾಲ್ಲೂಕು ಕಚೇರಿಗೆ ಕೊಟ್ಟರೆ ಆ ಭೂಮಿ ಅವರದೇ ಆಗುವ ಕಾನೂನು ಬಂದಿತ್ತು. ಅದನ್ನು ತೀರ್ಮಾನಿಸುವ ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿಲ್ಲ ಎಂದೂ ಅದರಲ್ಲಿತ್ತು. ಹಾಗಾಗಿ ನಾನು ಬಾಗಿಲ ಹೊರಗೆ ರಾಜಕೀಯ ಶುರುಮಾಡಿದೆ. ಸುತ್ತಲ ಹಳ್ಳಿಗಳವರಿಗೆ ಫಾರಂ ಬರೆದುಕೊಟ್ಟು, "ಯಾರೂ ಒಬ್ಬೊಬ್ರೇ ಹೋಗ್ಬೇಡಿ. ಕೊನೇ ದಿನ ಮೆರವಣಿಗೇಲಿ ಒಟ್ಟಿಗೆ ಕೊಡೋಣ" ಎಂದೆ. ಒಬ್ಬೊಬ್ಬರೇ ಹೋಗಿದ್ದರೆ ಅವರಿಗೆ ರಸೀತಿ ಸಿಗುತ್ತಿತ್ತು. ಮೆರವಣಿಗೆ ಮಾಡಿದರೆ ನನಗೆ ಪಕ್ಷದ ಟಿಕೆಟ್ ಸಿಗುತ್ತಿತ್ತು.

ಆ ಕೊನೇ ದಿನ ಕೋಲಾರದ ಕೋರ್ಟಿನಿಂದ ನೇರವಾಗಿ ಬಂದು, ತಾಲ್ಲೂಕು ಕಚೇರಿಯ ಎದುರು ನಿಲ್ಲಿಸಿದ್ದ ಲಾರಿ ಹತ್ತಿದೆ.

"ಲೇ, ಲಾಯರ್ರು ಬೆಂದೋಗ್ತಾವ್ರೆ, ಕೋಟು ಬಿಚ್ಚಕ್ ಹೇಳ್ರೋ" ಎಂದ ಒಬ್ಬ.

"ಬಿಚ್ಚಿದ್ರೆ ಉಳಿಯೋದು ಬರೀ ಬಾಯಿ ಕಣೋ" ಎಂದ ಇನ್ನೊಬ್ಬ. ನಾನೂ ನಕ್ಕೆ.

ಭಾಷಣದ ನಡುವೆ ಫಾರಂಗಳ ಕಟ್ಟಿನಿಂದ ಒಂದನ್ನು ಎಳೆದು, ಎತ್ತಿ ಹಿಡಿದು ಓದಿದೆ. ಎರಡೆಕರೆ ಹೊಲವನ್ನು ತಂದೆಯ ಕಾಲದಿಂದ ಉಳುತ್ತಿದ್ದವನದು. ಕೆಳಗೆ ಅವನ ಹೆಬ್ಬೆಟ್ಟು. ಮುಂದೆಯೇ ಕೂತಿದ್ದ ಅವನು ಎದ್ದು ಕೈಮುಗಿದ. ಚಪ್ಪಾಳೆ. ಆಮೇಲೆ ಕಟ್ಟು ತಹಶೀಲ್ದಾರರ ಕೈಗೆ ಹೋಯಿತು. ಸಂಜೆಗೆ ಗಡುವು ಮುಗಿಯಿತು.

ಮುಂದಿನ ಚುನಾವಣೆಯಲ್ಲಿ ಗೆದ್ದೆ. ಕೋಟು ಟ್ರಂಕು ಸೇರಿತು, ಮೈಮೇಲೆ ಖಾದಿ ಬಂತು. ಕೋಲಾರದ ಮನೆಗೆ ಆ ಹೆಬ್ಬೆಟ್ಟಿನವನು ಹುಡುಕಿಕೊಂಡು ಬಂದ.

"ಸಾಮಿ, ಮಂಡಳಿಯೋರು ನನ್ ಅರ್ಜೀನೇ ಇಲ್ಲ ಅಂತಾರೆ. ಜಮೀನ್ದಾರ್ರು ಬೇಲಿ ಹಾಕ್ಬಿಟ್ರು."

"ಇಲ್ದೆ ಎಲ್ಲಿಗ್ ಹೋಗುತ್ತೆ?"

"ಅದೇ ಸಾಮಿ. ನೀವೇ ಓದಿದ್ರಿ ಕದಾ, ಊರೆಲ್ಲಾ ಕೇಳ್ತು."

ಆಗ ನನ್ನ ಕೈ ಎದೆಯ ಎಡಕ್ಕೆ, ಕೋಟಿದ್ದಿದ್ದರೆ ಒಳಜೇಬು ಇರುತ್ತಿದ್ದ ಕಡೆಗೆ ಹೋಯಿತು. ಅಥವಾ ಆ ಕೈಯನ್ನು ನಾನು ಆಮೇಲೆ ಸೇರಿಸಿದ್ದೇನೆ. ಕೈ ಹೋಗಿದ್ದರೆ ನನಗೆ ಆಗಲೇ ಗೊತ್ತಿತ್ತು ಎಂದರ್ಥ. ಹೋಗಿರದಿದ್ದರೆ ನಾನು ಬರೀ ಮರೆಗುಳಿ. ಇದೊಂದನ್ನು ತೀರ್ಮಾನಿಸಲಾಗದೆ ಈ ಪುಟವನ್ನು ಎಷ್ಟು ಸಲ ಹರಿದೆನೋ.

ಬಾಯಿ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ: "ತಾಲ್ಲೂಕು ಕಚೇರೀಲಿ ಅರ್ಜಿ ತಗೊಳ್ಳೋ ಗುಮಾಸ್ತ ಜಮೀನ್ದಾರ್ರ ಕಡೆಯೋನು. ಅವನೇ ತೆಗ್ದಿರ್ತಾನೆ. ನೋಡ್ಕೋತೀನಿ."

ನೋಡಿಕೊಂಡೆ. ಆ ಗುಮಾಸ್ತ ಸಸ್ಪೆಂಡ್ ಆದ. ಮುಳಬಾಗಿಲಿನ ಹಳೇ ಶಾನುಭೋಗರ ಮನೆಯವನು. ಬಡವನ ಕಾಗದ ಕದ್ದ ಎಂಬ ಮಾತನ್ನು ಅವನ ಬೀದಿ ಮರೆಯಲಿಲ್ಲ.

ಎಂಬತ್ತರ ದಶಕದಲ್ಲಿ ಸೋತೆ. ಮತ್ತೆ ಕೋರ್ಟಿಗೆ ಹೊರಟ ಬೆಳಿಗ್ಗೆ ಟ್ರಂಕಿನಿಂದ ಕೋಟು ತೆಗೆದು ಹಾಕಿಕೊಂಡಾಗ ಎದೆಯ ಹತ್ತಿರ ಏನೋ ಸರಪರ ಎಂದಿತು. ಒಳಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಫಾರಂ, ಅಂದು ಲಾರಿಯ ಮೇಲೆ ಓದಿದ್ದು. ಹೆಬ್ಬೆಟ್ಟಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು.

ಹೊಲ ಕಳೆದುಕೊಂಡವನು ಮಾಲೂರಿನ ಇಟ್ಟಿಗೆ ಗೂಡಿನಲ್ಲಿದ್ದಾನೆಂದು ತಿಳಿದು, ಎಲ್ಲ ಹೇಳಿಬಿಡಬೇಕೆಂದು ಹೋದೆ. ಮೊಣಕಾಲುದ್ದ ಗುಂಡಿಯಲ್ಲಿ ನಿಂತು ಮಣ್ಣು ತುಳಿಯುತ್ತಿದ್ದ. ಕಂಡವನೇ ಮೇಲೆ ಬಂದ.

"ಸೋತೋದ್ರಂತೆ ಸಾಮಿ. ಬ್ಯಾಸ್ರ ಆಯ್ತು." ನಾನು ಬಾಯಿ ತೆರೆಯುವ ಮೊದಲೇ ಜೊತೆಯವರನ್ನು ಕೂಗಿದ: "ಏಯ್, ಇವ್ರೇ ಕಣ್ರೋ ನಾನ್ ಹೇಳ್ತಿದ್ದ ಲಾಯರ್ರು! ನನ್ ಕಾಗ್ದ ಕದ್ದೋನ್ನ ಮನೇಗ್ ಕಳಿಸಿದೋರು. ನಮ್ಮಂಥೋರಿಗೆ ಅಷ್ಟಾದ್ರೂ ಯಾರ್ ಮಾಡ್ತಾರೆ?"

ಟೀ ತರಿಸಿದರು. ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಗುಮಾಸ್ತನ ಮನೆಗೂ ಹೋಗಬೇಕೆಂದಿದ್ದೆ, ಹೋಗಲಿಲ್ಲ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅದೇ ಕೋಟಿನಲ್ಲಿ ಇನ್ನೂ ಹಲವು ವರ್ಷ ವಾದ ಮಾಡಿದೆ. ಫಾರಂ ಇಡಲು ಬೇರೆ ಜಾಗ ಹೊಳೆಯಲಿಲ್ಲ.