ಡಾರ್ಮ್‌ಸ್ಟಾಟ್‌ನಲ್ಲಿ ನನ್ನ ಮಳೆ

ಸರೋಜಕ್ಕಾ, ಮೊಣಕಾಲು ನೋವು ಇಳಿಯಿತೇ? ವಸಂತಾ, ನಿನ್ನ ಕೆಮ್ಮು? ಇವತ್ತಿನ ಸುದ್ದಿ ಕೇಳಿರಿ.

ಭಾನುವಾರ ಇಲ್ಲಿಯ ಕನ್ನಡದವರ ಮುಂದೆ ಹಳೆಯ ರೇಡಿಯೋ ನಾಟಕವೊಂದನ್ನು ಆಡುತ್ತೇವೆ, ಮಳೆಯ ಸಪ್ಪಳ ನನ್ನದು. ಆಗ ನಾವು ಮೂವರೂ ರೇಡಿಯೋ ಸ್ಟೇಷನ್ನಿನಲ್ಲಿ ಮಾಡುತ್ತಿದ್ದಂತೆಯೇ, ಬಾಲ್ಕನಿಯಲ್ಲಿ ಕೂತು ಮೊರದಲ್ಲಿ ಜೋಳ ಹೊರಳಿಸುತ್ತಿದ್ದೆ. ಜರ್ಮನಿಯವರು ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡ್ ಮೇಲೆ ಬಂದ ನಮ್ಮ ಅಳಿಯಂದಿರು ನಕ್ಕರು.

"ಬಿಡ್ರಿ ಮಾವಾರ, ಕಂಪ್ಯೂಟರಿನ್ಯಾಗ ಖರೇ ಮಳಿ ಸಪ್ಪಳ ಅದ. ಜ್ವಾಳಕ್ಕ ಯಾರು ಮಳಿ ಅಂತಾರ?"

"ಸುಮ್ಮ ಕೇಳ್ರಿ" ಎಂದು ಇನ್ನೂ ಜೋರಾಗಿ ಹೊರಳಿಸಿದೆ.

ಕೆಳಗಿನ ಮನೆಯ ಜರ್ಮನ್ ಅಜ್ಜಿ ತಮ್ಮ ಬಾಲ್ಕನಿಗೆ ಓಡಿಬಂದು, ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು, ಬಿಸಿಲಿನಲ್ಲಿ ಆಕಾಶ ನೋಡುತ್ತ ನಿಂತರು.

ಅಳಿಯಂದಿರು ಕಂಪ್ಯೂಟರ್ ಮುಚ್ಚಿದರು. ನಾನೀಗ ಅಜ್ಜಿಯ ಬಟ್ಟೆ ಹರವಿ ಕೊಡಲು ಕೆಳಗೆ ಹೊರಟಿದ್ದೇನೆ. ಗುಡುಗಿಗೆ ಎಂಥ ತಗಡು ಒಳ್ಳೆಯದು, ಬೇಗ ಬರೆಯಿರಿ.