ಟ್ಯಾಮ್ ಬೆವರಿಜ್ ಹೂಡಿದ ಕೊನೆಯ ಪ್ರವಾಸ

ಟ್ಯಾಮ್ ಬೆವರಿಜ್ ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಮೀಸೆ ಚಿಗುರುತ್ತಿತ್ತು, ತಂಗಿ ನೆಟ್ಟಿ ಶಾಲೆಗೆ ಹೋಗುವ ಕೂಸು. ಹಗಲೆಲ್ಲ ಗಣಿಯೊಳಗೆ ಕಲ್ಲಿದ್ದಲು ಕಡಿದು, ಸಂಜೆ ಮನೆಗೆ ಬಂದು ಆಲೂಗಡ್ಡೆ ಬೇಯಿಸಿ, ಅವಳ ಕೂದಲು ಬಾಚಿ, ಮಗ್ಗಿ ಒಪ್ಪಿಸಿಕೊಂಡು ಬೆಳೆಸಿದ. ಹೆಣ್ಣು ನೋಡು ಅಂತ ಯಾರಾದರೂ ಹೇಳಿದರೆ, ಮೊದಲು ಇವಳದ್ದಾಗಲಿ ಅನ್ನುತ್ತಿದ್ದ. ಅವಳದ್ದಾಯಿತು, ಅವನದ್ದು ಆಗಲಿಲ್ಲ. ಅವನಿಗಿದ್ದದ್ದು ಒಬ್ಬ ತಂಗಿ, ಮೂವರು ಗೆಳೆಯರು ಮತ್ತು ಗಾಲ್ಫ್.

ಫೈಫ್ ಕರಾವಳಿಯ ನಮ್ಮ ಬಾಲ್‌ಕ್ರೇಗಿನಲ್ಲಿ ಗಾಲ್ಫ್ ಆಡಲು ಯಾರೂ ಸಾಹುಕಾರರಾಗಬೇಕಿರಲಿಲ್ಲ. ಕಡಲ ಪಕ್ಕದ ಹುಲ್ಲು ಬಯಲು ಊರಿನದು. ಗಣಿಯವರು ಪಾಳಿ ಮುಗಿಸಿ, ಮುಖ ತೊಳೆದು, ಕಿವಿಯ ಹಿಂದೆ ಮಸಿ ಇರುವಂತೆಯೇ ಅಲ್ಲಿಗೆ ಬರುತ್ತಿದ್ದರು. ಅಜ್ಜ ಆಡಿದ ಕೋಲಿನಲ್ಲೇ ಮೊಮ್ಮಗ ಕಲಿಯುತ್ತಿದ್ದ. ನಾವು ನಾಲ್ವರೂ ಒಂದೇ ತರಗತಿಯವರು. ಟ್ಯಾಮ್, ಹ್ಯೂ ಪಟುಲೊ, ಆರ್ಚಿ ಲಮ್ಸ್‌ಡನ್ ಮೂವರೂ ಗಣಿಗೆ ಇಳಿದರು. ನಾನು, ರಾಬ್ ಇಮ್ರಿ, ಅಪ್ಪನ ಬೇಕರಿಗೆ ಹೊಕ್ಕೆ. ಹ್ಯೂ ದೊಡ್ಡ ಗಂಟಲಿನವನು, ಕಾರ್ಮಿಕ ಸಂಘದ ಕಾರ್ಯದರ್ಶಿ. ಆರ್ಚಿ ಮಾತು ಕಡಿಮೆ, ಆಟದಲ್ಲಿ ನಮಗೆಲ್ಲ ಮೇಲು. ನೆಟ್ಟಿ ಅವನನ್ನೇ ಮದುವೆಯಾದಳು. ಮದುವೆಯ ದಿನ ಆರ್ಚಿಯ ಪಕ್ಕದಲ್ಲಿ ಉಂಗುರ ಹಿಡಿದು ನಿಂತವನು ಹ್ಯೂ.

ಪ್ರತಿ ಸೆಪ್ಟೆಂಬರಿನಲ್ಲಿ, ಪ್ರವಾಸಿಗರ ಗಲಾಟೆ ಮುಗಿದ ಮೇಲೆ, ನಾವು ಬೇರೆ ಊರಿನ ಬಯಲಿನಲ್ಲಿ ಆಡಲು ಹೋಗುತ್ತಿದ್ದೆವು. ಅದರ ಹೂಟವೆಲ್ಲ ಟ್ಯಾಮ್‌ನದು. ಎಲ್ಲಿ ಇಳಿಹೊತ್ತಿನ ಮೇಲೆ ಶುಲ್ಕ ಅರ್ಧ, ಎಲ್ಲಿ ಗಾಡಿ ನಿಲ್ಲಿಸಿ ಮಲಗಿದರೆ ಯಾರೂ ಎಬ್ಬಿಸುವುದಿಲ್ಲ, ಎಲ್ಲಿ ಚಹಾಕ್ಕೆ ಬಿಸಿನೀರು ಪುಕ್ಕಟೆ, ಎಲ್ಲ ಅವನಿಗೆ ಬಾಯಿಪಾಠ. ನನ್ನ ಬ್ರೆಡ್ಡಿನ ವ್ಯಾನೇ ನಮ್ಮ ವಸತಿಗೃಹ. ಬೆಳಿಗ್ಗೆ ಎದ್ದರೆ ನಾಲ್ವರ ತಲೆಯೂ ಹಿಟ್ಟಿನಿಂದ ಬಿಳಿ. ಒಂದೇ ರಾತ್ರೀಲಿ ಮುದುಕರಾದ್ವಲ್ಲೋ ಅಂತ ಹ್ಯೂ ನಗುತ್ತಿದ್ದ. ಎಂಬತ್ತನಾಲ್ಕರ ಸೆಪ್ಟೆಂಬರಿಗೆ ಬಡಗಣದ ಬ್ರೋರಾಕ್ಕೆ ಹೋಗುವುದೆಂದು ಮಾತಾಗಿತ್ತು. ಅಲ್ಲಿನ ಬಯಲಿನಲ್ಲಿ ಕುರಿಗಳು ಮೇಯುತ್ತವಂತೆ, ಆಟಗಾರರೇ ಕುರಿಗಳಿಗೆ ದಾರಿ ಬಿಡಬೇಕಂತೆ ಅಂತ ಟ್ಯಾಮ್ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದ.

ಆ ವರ್ಷ ಮಾರ್ಚಿನಲ್ಲಿ ಮುಷ್ಕರ ಶುರುವಾಯಿತು.

ಗಣಿಗಳನ್ನು ಮುಚ್ಚುತ್ತಾರೆಂದು ದೇಶದ ಗಣಿಯವರೆಲ್ಲ ಕೆಲಸ ಬಿಟ್ಟು ಹೊರಬಂದರು. ಬೇಸಿಗೆ ಹೇಗೋ ಕಳೆಯಿತು. ಊರ ಹೆಂಗಸರು ಗಣಿಯವರ ಸಭಾಂಗಣದಲ್ಲಿ ಹಂಡೆ ಹಂಡೆ ಸಾರು ಕಾಯಿಸಿದರು, ನಾನು ಬ್ರೆಡ್ಡು ಕೊಟ್ಟೆ. ಗಣಿಯ ಬಾಗಿಲಲ್ಲಿ ಪೊಲೀಸರ ಜೊತೆ ನೂಕಾಟವಾಗಿ ಹ್ಯೂನನ್ನು ಹಿಡಿದುಕೊಂಡು ಹೋದರು. ಬಿಟ್ಟ ಮೇಲೆ ಕೆಲಸದಿಂದ ವಜಾ ಮಾಡಿದರು. ಅವನಿಗೆ ಮತ್ತೆಂದೂ ಗಣಿಯ ಕೆಲಸ ಸಿಗಲಿಲ್ಲ. ಚಳಿಗಾಲ ಬಂದಾಗ ಕಲ್ಲಿದ್ದಲಿನ ಊರಲ್ಲಿ ಒಲೆಗೆ ಕಲ್ಲಿದ್ದಲಿರಲಿಲ್ಲ. ಆರ್ಚಿ ಮತ್ತು ನೆಟ್ಟಿಯ ಮಗು ಐಲೀನ್‌ಗೆ ಎದೆಯ ಕಾಯಿಲೆ. ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ. ಗೋಡೆಯ ತೇವದಲ್ಲಿ ಮಗು ಉಸಿರೆಳೆಯುವುದನ್ನು ಕೇಳುತ್ತ ಕೇಳುತ್ತ ಆರ್ಚಿಗೆ ತಡೆಯದಾಯಿತು. ಜನವರಿಯ ಒಂದು ಬೆಳಿಗ್ಗೆ ಪೊಲೀಸರ ಕಾವಲಿನಲ್ಲಿ ಗಣಿಗೆ ಹೋಗುವ ಬಸ್ಸು ಹತ್ತಿದ. ಗಣಿಯ ಬಾಗಿಲಲ್ಲಿ ಮುಷ್ಕರದವರ ಜೊತೆ ನಿಂತಿದ್ದ ಟ್ಯಾಮ್, ಬಸ್ಸಿನ ಕಿಟಕಿಯ ತಂತಿಬಲೆಯ ಹಿಂದೆ ತಂಗಿಯ ಗಂಡನ ಮುಖ ನೋಡಿದ.

ಮುಷ್ಕರ ಮುರಿದವನಿಗೆ ನಮ್ಮ ಕಡೆ ‘ಹಕ್ಕಳೆ’ ಅನ್ನುತ್ತಾರೆ. ಗಾಯದ ಮೇಲೆ ಕಟ್ಟುತ್ತದಲ್ಲ, ಅದು. ಅದಕ್ಕಿಂತ ಕೆಟ್ಟ ಬೈಗುಳ ಗಣಿಯವರ ಬಾಯಲ್ಲಿಲ್ಲ. ಸಂಜೆಯೊಳಗೆ ಆರ್ಚಿಯ ಗೋಡೆಯ ಮೇಲೆ ಆ ಮಾತನ್ನು ಬಿಳಿ ಬಣ್ಣದಲ್ಲಿ ಬರೆದಿದ್ದರು. ಕೆಲವೇ ವಾರಗಳಲ್ಲಿ ಮುಷ್ಕರ ಸೋತು ಎಲ್ಲರೂ ಕೆಲಸಕ್ಕೆ ಹೋದರು, ಮುಂದೆ ಗಣಿಯೇ ಮುಚ್ಚಿತು. ಆರ್ಚಿಯನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಟ್ಯಾಮ್ ಕೂಡ. ತಾನೇ ಎತ್ತಿ ಆಡಿಸಿದ ತಂಗಿ ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಕೊನೆಗೆ ಆರ್ಚಿ ಮನೆ ಖಾಲಿ ಮಾಡಿ ಪಕ್ಕದೂರಿಗೆ ಹೋದ, ಅಲ್ಲಿ ಉಗ್ರಾಣದ ಕಾವಲಿಗೆ ಸೇರಿಕೊಂಡ. ಟ್ಯಾಮ್ ಶಾಲೆಯ ಬಸ್ಸು ಓಡಿಸಿದ. ಹ್ಯೂ ಸಿಕ್ಕ ಕೂಲಿ ಮಾಡಿದ. ನಾವು ಮೂವರೂ ಊರ ಬಯಲಿನಲ್ಲಿ ಆಡುತ್ತಲೇ ಇದ್ದೆವು. ಸೆಪ್ಟೆಂಬರಿನ ಪ್ರವಾಸದ ಮಾತು ಮಾತ್ರ ಯಾರೂ ಎತ್ತಲಿಲ್ಲ. ಹೀಗೆ ಮೂವತ್ತು ವರ್ಷಕ್ಕೆ ಹತ್ತಿರವಾಯಿತು.

ಒಂದು ಏಪ್ರಿಲಿನಲ್ಲಿ ನೆಟ್ಟಿ ಅಣ್ಣನ ಬಾಗಿಲು ತಟ್ಟಿದಳು. ಕೂದಲು ಪೂರ್ತಿ ನೆರೆತಿತ್ತು. ಟ್ಯಾಮ್ ಬಾಗಿಲು ತೆರೆದವನು ಒಳಗೆ ಬಾ ಅನ್ನುವುದನ್ನೂ ಮರೆತು ನಿಂತನಂತೆ. ಅವಳು ಹೊಸಿಲಿನಲ್ಲೇ ನಿಂತು, ಆರ್ಚಿಯ ಶ್ವಾಸಕೋಶ ಹೋಗಿದೆ, ಈ ಬೇಸಿಗೆ ಕಳೆದರೆ ಮುಂದಿನದರ ಭರವಸೆ ಬೇಡ ಅಂತ ವೈದ್ಯರು ಅಂದಿದ್ದಾರೆ ಅಂತ ಹೇಳಿದಳು.

“ಅವನು ಏನೂ ಕೇಳಲ್ಲ ಟ್ಯಾಮ್, ನಿನಗೆ ಗೊತ್ತಲ್ಲ ಅವನ ಸ್ವಭಾವ. ಆದರೆ ಆ ಬ್ರೋರಾ ಮಾತು ಈಗಲೂ ಆಡ್ತಾನೆ. ಕುರಿ ಇರ್ತಾವಂತೆ ಕಣೇ ಅಂತಾನೆ.”

ಟ್ಯಾಮ್ ಅವಳ ಜೊತೆಯಲ್ಲೇ ಹೊರಟು ಪಕ್ಕದೂರಿಗೆ ಹೋದ. ಆರ್ಚಿ ಕಿಟಕಿಯ ಹತ್ತಿರ ಕೂತಿದ್ದನಂತೆ. ಇಬ್ಬರೂ ಬಹಳ ಹೊತ್ತು ಹವಾಮಾನದ ಮಾತನ್ನೇ ಆಡಿದರಂತೆ. ಮರುದಿನ ಟ್ಯಾಮ್ ಬೇಕರಿಗೆ ಬಂದು ಇದನ್ನೆಲ್ಲ ಹೇಳಿದ. ನಾಲ್ವರೂ ಹೋಗೋಣ ಅಂದ. ಆರ್ಚಿ ಒಂದೇ ಮಾತು ಕೇಳಿಕೊಂಡಿದ್ದ, ಕಾಯಿಲೆಯ ವಿಷಯ ಹ್ಯೂಗೆ ಹೇಳಕೂಡದು. ಕರುಣೆಯಿಂದ ಬಂದರೆ ಬಂದ ಹಾಗಲ್ಲ ಅಂದಿದ್ದನಂತೆ. ನನ್ನಿಂದಲೂ ಟ್ಯಾಮ್ ಮಾತು ತೆಗೆದುಕೊಂಡ.

ಆ ಬೇಸಿಗೆಯೆಲ್ಲ ಅವನು ಹಳೆಯ ಟ್ಯಾಮ್. ಸೆಪ್ಟೆಂಬರಿನ ಕೊನೆಗೆ ಬ್ರೋರಾದ ಕಡಲ ದಂಡೆಯಲ್ಲಿ ಕ್ಯಾರವಾನ್ ಅನ್ನುವ ಮಲಗುವ ಗಾಡಿಗಳು ಬಾಡಿಗೆಗೆ ಅಗ್ಗಕ್ಕೆ ಸಿಗುತ್ತವೆಂದು ಹುಡುಕಿದ. ಹೋಟೆಲಿನ ಗೊಡವೆ ಬೇಡವೆಂದು ಕೊಚ್ಚಿದ ಮಾಂಸದ ಅಡಿಗೆ ತಾನೇ ಮಾಡುತ್ತೇನೆಂದ. ಬೇಕರಿಯಿಂದ ಮಾಂಸದ ಪೈ ತರುವುದು ನನ್ನ ಪಾಲಿಗೆ ಬಂತು. ಕಾರು ಸೋದರ ಸೊಸೆ ಐಲೀನಳದು. ಎದೆಯ ಕಾಯಿಲೆಯ ಆ ಮಗು ಈಗ ಎರಡು ಮಕ್ಕಳ ತಾಯಿ. ಆರ್ಚಿಗೆ ಹದಿನೆಂಟು ಕುಳಿಗಳ ಪೂರ್ತಿ ಸುತ್ತು ನಡೆಯಲಾಗದು, ಅದಕ್ಕೇ ದಿನಕ್ಕೆ ಅರ್ಧ ಸುತ್ತು ಸಾಕು, ಹಣವೂ ಉಳಿಯುತ್ತದೆ ಅಂತ ಉಪಾಯ ಹೂಡಿದ. ಎಲ್ಲ ಆದ ಮೇಲೆ ಹ್ಯೂನ ಮನೆಗೆ ಹೋದೆವು.

ಹ್ಯೂ ಕೇಳಿಸಿಕೊಂಡ. ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಅವನಿಗೋಸ್ಕರ ಕೇಳ್ತಿದೀಯಾ, ನಿನಗೋಸ್ಕರನಾ?”

“ನನಗೋಸ್ಕರ. ನನಗೆ ಬೇರೆ ಯಾರಿದಾರೋ?”

“ಬರ್ತೀನಿ. ಅವನ ಜೊತೆ ಮಾತಾಡು ಅಂತ ಮಾತ್ರ ಹೇಳಬೇಡ.”

ದಾರಿಯುದ್ದಕ್ಕೂ ಹ್ಯೂ ಮುಂದೆ ಟ್ಯಾಮ್‌ನ ಪಕ್ಕ ಕೂತಿದ್ದ, ಆರ್ಚಿ ಹಿಂದೆ ನನ್ನ ಪಕ್ಕ. ಬ್ರೋರಾದ ಬಯಲು ಟ್ಯಾಮ್ ಕೇಳಿಕೊಂಡು ಬಂದಂತೆಯೇ ಇತ್ತು. ಒಂದು ಕಡೆ ಕಡಲು, ಒಂದು ಕಡೆ ಗುಡ್ಡ, ನಡುವೆ ಕುರಿಗಳು. ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು ಅವು ತುಳಿಯದಂತೆ ತೆಳ್ಳನೆಯ ತಂತಿ ಕಟ್ಟಿದ್ದರು. ಆರ್ಚಿ ಮೊದಲ ಹೊಡೆತ ಹೊಡೆದ. ಮೈಯಲ್ಲಿ ಮಾಂಸವಿಲ್ಲದಿದ್ದರೂ ತೋಳಿನ ತಿರುವು ಹಾಗೇ ಇತ್ತು, ಚೆಂಡು ಗೆರೆ ಎಳೆದ ಹಾಗೆ ಹೋಯಿತು. ಹ್ಯೂ ಅದು ಬೀಳುವವರೆಗೂ ನೋಡಿದ. ಚೆನ್ನಾಗಿತ್ತು ಅನ್ನಲಿಲ್ಲ, ಆದರೆ ನೋಡಿದ.

ಮೂರನೆಯ ಕುಳಿಯ ಹೊತ್ತಿಗೆ ಆರ್ಚಿಯ ಉಸಿರು ದೂರಕ್ಕೂ ಕೇಳುತ್ತಿತ್ತು. ಬಿರುಸಾಗಿ ಮುಂದೆ ನಡೆಯುತ್ತಿದ್ದ ಹ್ಯೂ ನಿಂತು ಬೂಟಿನ ದಾರ ಕಟ್ಟಿಕೊಂಡ. ಸ್ವಲ್ಪ ದೂರ ಹೋಗಿ ಮತ್ತೆ ಕಟ್ಟಿಕೊಂಡ. ಆಮೇಲೆ ನಡಿಗೆಯನ್ನೇ ನಿಧಾನ ಮಾಡಿದ. ಟ್ಯಾಮ್ ಬಂದು ನನ್ನ ತೋಳು ಹಿಡಿದುಕೊಂಡ.

ಆರನೆಯ ಕುಳಿಯಲ್ಲಿ ಹ್ಯೂನ ಚೆಂಡು ಒರಟು ಹುಲ್ಲಿಗೆ ಹೋಗಿ ಬಿತ್ತು. ನಾಲ್ವರೂ ಹುಡುಕಿದೆವು. ಸಿಕ್ಕಿದ್ದು ಆರ್ಚಿಗೆ. ಅವನು ಅದನ್ನು ಮುಟ್ಟದೆ, ಕೋಲಿನ ತುದಿಯಿಂದ ತೋರಿಸುತ್ತ ಕರೆದ.

“ಹ್ಯೂ, ಇಲ್ಲಿದೆ ಕಣೋ ನಿನ್ನ ಚೆಂಡು.”

ಅಷ್ಟು ವರ್ಷಗಳ ಮೇಲೆ ಅವನು ಹ್ಯೂಗೆ ಆಡಿದ ಮೊದಲ ಮಾತು ಅದು. ಹ್ಯೂ ತಲೆ ಎತ್ತಿದ. ಒಂದು ಗಳಿಗೆ ಅವನು ಆ ಕಡೆ ಹೆಜ್ಜೆ ಇಡುತ್ತಾನೆಂದೇ ನನಗನಿಸಿತು. ಆಮೇಲೆ ಜೇಬಿನಿಂದ ಬೇರೊಂದು ಚೆಂಡು ತೆಗೆದ. ಇದ್ದಲ್ಲೇ ಕೆಡವಿ, ಮೊದಲಿನದು ಕಳೆದೇ ಹೋಯಿತೆಂಬಂತೆ ದಂಡದ ಹೊಡೆತ ಸೇರಿಸಿಕೊಂಡು, ಆಡಿ ಮುಂದೆ ಹೋದ. ಆರ್ಚಿ ಆ ಚೆಂಡಿನ ಪಕ್ಕದಲ್ಲೇ ನಿಂತಿದ್ದ. ಗಾಳಿಗೆ ಅವನ ಪ್ಯಾಂಟು ಅಂಟಿ ಕಾಲುಗಳು ಕಡ್ಡಿಯಂತೆ ಕಾಣುತ್ತಿದ್ದವು. ಟ್ಯಾಮ್ ಹೋಗಿ ಅವನ ಹೆಗಲು ಹಿಡಿದು ಕರೆತಂದ.

ಸಂಜೆ ಟ್ಯಾಮ್ ಅಡಿಗೆ ಮಾಡಿದ. ಇಕ್ಕಟ್ಟಿನ ಗಾಡಿ, ಮಡಚುವ ಮೇಜು, ನಾಲ್ಕು ತಟ್ಟೆ. ಆರ್ಚಿ ಚಮಚ ಕೆಳಗಿಟ್ಟು, ಮಗುವಿನ ಉಸಿರಿನ ಮಾತು, ತೇವದ ಗೋಡೆಯ ಮಾತು, ಆ ಬೆಳಿಗ್ಗೆ ಬಸ್ಸು ಹತ್ತುವಾಗ ಕಾಲು ಏಳದೆ ಹೋದ ಮಾತು ಎಲ್ಲ ಹೇಳಿದ. ಕ್ಷಮಿಸು ಅನ್ನಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ.

ಹ್ಯೂ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಒಳ್ಳೆಯದಿತ್ತೇನೋ.

“ನನ್ನ ಮನೇಲೂ ಮಕ್ಕಳಿದ್ವು ಆರ್ಚಿ,” ಅಂದ. “ನನ್ನ ಮನೇನೂ ತಣ್ಣಗೇ ಇತ್ತು.”

“ಗೊತ್ತು.”

“ಬೇರೆ ಯಾರೇ ಹೋಗಿದ್ರೂ ನಾನು ತಡ್ಕೋತಿದ್ದೆ. ನೀನು ಹೋದ್ಯಲ್ಲೋ.”

ಟ್ಯಾಮ್ ಇಬ್ಬರ ಮುಖವನ್ನೂ ನೋಡಿದ. ಹೇಳಬಾರದೆಂದು ಮಾತು ಕೊಟ್ಟ ಕಾಯಿಲೆಯ ವಿಷಯ ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಆರ್ಚಿ ಮೆಲ್ಲಗೆ ತಲೆಯಾಡಿಸಿ ಬೇಡವೆಂದ. ಟ್ಯಾಮ್ ಎದ್ದು ತಟ್ಟೆ ತೊಳೆಯಲು ಹೋದ.

ಬೆಳಿಗ್ಗೆ ಆರ್ಚಿ ರೈಲಿಗೆ ಹೋಗುತ್ತೇನೆಂದ. ನಿಲ್ದಾಣಕ್ಕೆ ಬಿಡಲು ನಾನೂ ಹೋಗಿದ್ದೆ. ಟ್ಯಾಮ್, ತನ್ನಿಂದಲೇ ಇದೆಲ್ಲ ಕೆಟ್ಟಿತು, ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಅಂತ ಒಂದೇ ಸಮ ಗೊಣಗುತ್ತಿದ್ದ. ಆರ್ಚಿ ಅವನ ಕೋಟಿನ ಗುಂಡಿ ಹಾಕಿದ.

“ಕುರಿ ನೋಡಿದೆ, ಕಡಲು ನೋಡಿದೆ. ನೀನು ನನ್ನನ್ನ ಕರೆದೆ. ಸಾಕು ಬಿಡೋ.”

ಫೆಬ್ರವರಿಯಲ್ಲಿ ಆರ್ಚಿ ತೀರಿಕೊಂಡ. ಆಗ ಟ್ಯಾಮ್ ಹ್ಯೂಗೆ ಎಲ್ಲ ಹೇಳಿದ. ಹ್ಯೂ ಬಾಗಿಲಲ್ಲಿ ನಿಂತೇ ಕೇಳಿ, ಬಾಗಿಲು ಹಾಕಿಕೊಂಡನಂತೆ.

ಹೆಣವನ್ನು ಗುಂಡಿಗಿಳಿಸುವಾಗ ಪೆಟ್ಟಿಗೆಗೆ ಕಟ್ಟಿದ ಒಂದೊಂದು ಹಗ್ಗವನ್ನು ಹತ್ತಿರದವರು ಹಿಡಿಯುವುದು ನಮ್ಮ ಪದ್ಧತಿ. ಯಾರಿಗೆ ಯಾವ ಹಗ್ಗವೆಂದು ಮನೆಯವರು ಮೊದಲೇ ತಿಳಿಸುತ್ತಾರೆ. ನೆಟ್ಟಿ ಒಂದು ಹಗ್ಗವನ್ನು ಹ್ಯೂನ ಹೆಸರಿಗೆ ಇಟ್ಟಳು. ಯಾರು ಏನೆಂದರೂ ಕೇಳಲಿಲ್ಲ. ಗುಂಡಿಯ ಹತ್ತಿರ ಪಾದ್ರಿ ಹೆಸರು ಕೂಗಿದರು. ಐಲೀನ್ ಬಂದಳು, ಟ್ಯಾಮ್ ಬಂದ, ನಾನು ಹೋದೆ, ನೆಂಟರು ಬಂದರು. ಹ್ಯೂ ಪಟುಲೊ ಅಂತ ಕೂಗಿದಾಗ ಯಾರೂ ಬರಲಿಲ್ಲ. ಪಾದ್ರಿ ಮತ್ತೊಮ್ಮೆ ಕೂಗಲು ಹೋದರು, ನೆಟ್ಟಿ ಕೈ ಎತ್ತಿ ತಡೆದಳು. ಟ್ಯಾಮ್ ಬಗ್ಗಿ ಆ ಹಗ್ಗವನ್ನೂ ಎತ್ತಿಕೊಂಡ. ಒಂದು ಕೈಯಲ್ಲಿ ತನ್ನದು, ಇನ್ನೊಂದರಲ್ಲಿ ಹ್ಯೂನದು. ಹಾಗೇ ತಂಗಿಯ ಗಂಡನನ್ನು ಮಣ್ಣಿಗಿಳಿಸಿದ.

ಅಲ್ಲಿಂದ ನೇರ ಹ್ಯೂನ ಮನೆಗೆ ಹೊರಟ. ಇವತ್ತು ಅವನ ಜೊತೆಗಿನ ಗೆಳೆತನವನ್ನೂ ಮುಗಿಸಿಬಿಡುತ್ತೇನೆ ಅಂದ. ಅವನ ಮುಖ ನೋಡಿ ನಾನೂ ಹಿಂದೆ ಹೋದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಹ್ಯೂ ಕುರ್ಚಿಯ ಮೇಲೆ ಕೂತಿದ್ದ. ಕಪ್ಪು ಸೂಟು, ಕಪ್ಪು ಟೈ, ಉಜ್ಜಿ ಹೊಳೆಸಿದ ಬೂಟು, ಮಡಿಲಲ್ಲಿ ಕೈಗವಸು. ಬೆಳಿಗ್ಗೆಯೇ ಸಿದ್ಧನಾದವನು ಹೊರಡಲಾಗದೆ ಅಲ್ಲೇ ಉಳಿದಿದ್ದ.

“ಬಾಗಿಲ ತನಕ ಹೋದೆ ಟ್ಯಾಮ್,” ಅಂದ. “ಎರಡು ಸಲ ಹೋದೆ.”

ಟ್ಯಾಮ್ ಬೈಯಲು ತಂದ ಮಾತೆಲ್ಲ ಎಲ್ಲಿ ಹೋಯಿತೋ. ಎದುರಿನ ಕುರ್ಚಿಯಲ್ಲಿ ಕುಸಿದು, ತಾಯಿ ಸತ್ತ ದಿನವೂ ಅಳದಿದ್ದವನು ಬಿಕ್ಕಿ ಬಿಕ್ಕಿ ಅತ್ತ. ಹ್ಯೂ ಅವನನ್ನು ಸಂತೈಸಲಿಲ್ಲ, ತಾನೂ ಅಳಲಿಲ್ಲ. ಗೋರಿಯ ಹತ್ತಿರ ಯಾರು ಯಾರು ಇದ್ದರು, ಗಾಳಿ ಇತ್ತೇ, ನೆಟ್ಟಿ ಹೇಗಿದ್ದಾಳೆ ಅಂತ ಒಂದೊಂದಾಗಿ ಕೇಳಿದ. ನಾನು ಹೇಳಿದೆ. ಅವನ ಹಗ್ಗ ಯಾರು ಹಿಡಿದರೆಂದು ಮಾತ್ರ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಟ್ಯಾಮ್ ಗಾಲ್ಫ್ ಆಡಲಿಲ್ಲ. ಭಾನುವಾರ ಭಾನುವಾರ ನೆಟ್ಟಿಯ ಮನೆಗೆ ಹೋಗಿ ಅವಳಿಗೆ ಆಲೂಗಡ್ಡೆ ಸುಲಿದು ಕೊಡುತ್ತಾನೆ. ಕಳೆದುಹೋದ ವರ್ಷಗಳ ಮಾತು ಇಬ್ಬರೂ ಎತ್ತುವುದಿಲ್ಲ. ಹ್ಯೂ ಒಬ್ಬನೇ ಬಯಲಿಗೆ ಬರುತ್ತಾನೆ. ಬೇಕರಿ ಮುಚ್ಚಿದ ಮೇಲೆ ಕೆಲವು ಸಂಜೆ ನಾನೂ ಅವನ ಜೊತೆ ಹೆಜ್ಜೆ ಹಾಕುತ್ತೇನೆ. ಅವನು ಹೊಡೆಯುತ್ತಾನೆ, ನಡೆಯುತ್ತಾನೆ, ಮಾತಾಡುವುದಿಲ್ಲ. ಸೆಪ್ಟೆಂಬರಿನಲ್ಲಿ ಎಲ್ಲಾದರೂ ಹೋಗೋಣವೇ ಅಂತ ಹೋದ ವರ್ಷ ಒಮ್ಮೆ ಬಾಯಿತಪ್ಪಿ ಕೇಳಿಬಿಟ್ಟೆ. ಅವನು ಕಡಲ ಕಡೆ ನೋಡುತ್ತ, ಹೂಡೋರು ಯಾರು ಅಂದ.