ಎಕ್ಸ್‌ರೇ ಅಣ್ಣನ ‘ಯಾವು’

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಲೆಗೆ ಅನ್ನ ಬಡಿಸಲು ಬಂದವರನ್ನು ತಡೆಯುವಂತೆ ಆ ಅಂಗೈಯನ್ನು ಕೆಳಮುಖವಾಗಿ ಚಾಚಿ ‘ಯಾವು’ ಎನ್ನುತ್ತಿದ್ದರು. ತುಳುವಿನಲ್ಲಿ, ಸಾಕು. ಊಟಕ್ಕೂ ಅದೇ, ಎಕ್ಸ್‌ರೇಗೂ ಅದೇ. ಸೀಳಿದ್ದು ಎಡಗೈಯ ಉಗುರೂ ಇರಬಹುದು. ಆ ಅಂಗೈ ಮಾತ್ರ ಖಂಡಿತ ನೆನಪಿದೆ.

ವೇಣೂರಿನವರು. ಬಂಟ್ವಾಳದ ಸಣ್ಣ ಲ್ಯಾಬಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಾಗ ಬಿದ್ದ ‘ಎಕ್ಸ್‌ರೇ ಅಣ್ಣ’ ಎಂಬ ಹೆಸರು ಮಂಗಳೂರಿನ ದೊಡ್ಡ ಆಸ್ಪತ್ರೆ ಸೇರಿದ ಮೇಲೂ ಉಳಿಯಿತು. ಬಸ್ಸು ಫರಂಗಿಪೇಟೆ ದಾಟುವಾಗ ಪಕ್ಕದವರು ಯಾರಾದರೂ, ‘ತಲೆನೋವು, ಒಂದು ಸಿಟಿ ಸ್ಕ್ಯಾನ್ ಮಾಡಿಸುವ’ ಎಂದರೆ, “ಡಾಕ್ಟ್ರು ಹೇಳಿದ್ದಾ, ನೀವೇ ಹೇಳಿದ್ದಾ? ಅದು ಫೋಟೋ ಸ್ಟುಡಿಯೋ ಅಲ್ಲ ಮಾರಾಯ್ರೆ” ಎನ್ನುತ್ತಿದ್ದರು.

ಮೂಡುಬಿದಿರೆಯಲ್ಲಿ ಟೀಚರಾಗಿದ್ದ ನನ್ನ ಅಕ್ಕನ ಮೆದುಳಿನ ರಕ್ತನಾಳವೊಂದು ಬಲೂನಿನಂತೆ ಉಬ್ಬಿತ್ತು. ಅದು ಒಡೆಯುವ ಮೊದಲು, ತೊಡೆಯ ರಕ್ತನಾಳದ ಮೂಲಕ ತಂತಿ ಕಳಿಸಿ, ಉಬ್ಬಿನ ಬಾಯಿಗೆ ಅಡ್ಡವಾಗಿ ಸ್ಟೆಂಟ್ ಎಂಬ ಬಲೆಯ ಕೊಳವೆ ಕೂರಿಸಬೇಕಿತ್ತು. ಅದು ಅರಳಿ ನಾಳದ ಗೋಡೆಗೆ ಅಂಟಿದೆಯೇ ಎಂದು ಆಪರೇಷನ್ ಮೇಜಿನ ಮೇಲೆಯೇ ಸಿಟಿ ತೆಗೆದು ನೋಡುತ್ತಾರೆ. ಅಂಟದಿದ್ದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು.

ಸ್ಟೆಂಟ್ ಕೂತಷ್ಟು ಜಾಗವನ್ನು ಮಾತ್ರ, ಕಣ್ಣುಗಳನ್ನು ಹೊರಗಿಟ್ಟು, ಕಡಿಮೆ ಕಿರಣದಲ್ಲಿ ತೆಗೆಯುವುದು ಅಲ್ಲಿ ಸಿಟಿ ತೆಗೆಯುವ ಎಕ್ಸ್‌ರೇ ಅಣ್ಣನ ಕ್ರಮ. ಡಾಕ್ಟರರೂ ಒಪ್ಪಿದ್ದರು. ಒಪ್ಪದವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು. ಆಪರೇಷನ್ನಿನ ಹಿಂದಿನ ದಿನ ಅವರಿಗೇ ಹೇಳಿದೆ.

“ಕಿರಣ ಕಡಿಮೆಯಾದ್ರೆ ಚಿತ್ರ ಮಸುಕಾಗ್ತದೆ ಅಣ್ಣ. ಅಕ್ಕನಿಗೆ ಪೂರ್ತಿ ಹಾಕಿ.”

“ಪೂರ್ತಿ ಹಾಕಿದ್ರೆ ಚಿತ್ರ ಚಂದ ಬರ್ತದೆ ಮಾಷ್ಟ್ರೇ. ಅದಕ್ಕೆ ಫ್ರೇಮ್ ಹಾಕ್ಲಿಕ್ಕುಂಟಾ? ಇವರ ತಲೆ ಇನ್ನೂ ಎಷ್ಟು ಸಲ ನೋಡ್ಲಿಕ್ಕುಂಟು. ಸ್ಟೆಂಟ್ ಕಂಡ್ರೆ ಯಾವು.”

ಮರುದಿನ ಹನ್ನೊಂದರ ಹೊತ್ತಿಗೆ, ಅಮ್ಮನೂ ನಾನೂ ಹೊರಗೆ ಕಾಯುತ್ತಿದ್ದಾಗ, ಆಪರೇಷನ್ ಕೋಣೆಯ ಬಾಗಿಲು ತೆರೆಯಿತು. ಎಕ್ಸ್‌ರೇ ಅಣ್ಣ ಸೀಸದ ಏಪ್ರನ್ನಿನಲ್ಲೇ ಬಂದಿದ್ದರು. ಮುಖದಲ್ಲಿ ನಗು ಇರಲಿಲ್ಲ.

“ಚಿತ್ರದ ಮೇಲೆ ಬಿಳಿ ಗೆರೆ ಬರ್ತಾ ಉಂಟು ಮಾಷ್ಟ್ರೇ. ಸ್ಟೆಂಟಿನ ಒಂದು ತುದಿ ಕಾಣುದಿಲ್ಲ. ಪೂರ್ತಿ ತಲೆಗೆ ಜೋರು ಡೋಸಿನಲ್ಲಿ ಇನ್ನೊಂದು ತೆಗೆಯುವ ಅಂತಿದ್ದಾರೆ ಡಾಕ್ಟ್ರು. ಎರಡು ನಿಮಿಷ ಕೊಡಿ ಅಂತ ಅವರಲ್ಲಿ ಕೇಳಿ ಬಂದೆ. ಲೋಹ ಇದ್ರೆ ಹೀಗಾಗ್ತದೆ. ತಲೆಗೆ ಏನಾದ್ರೂ ಕಟ್ಟಿದ್ದೀರಾ?”

ಅಮ್ಮ ಅಳದಂಗಡಿಯಿಂದ ತಂದ ತಾಮ್ರದ ತಾಯಿತ. ಸ್ಟಾಫ್ ರೂಮಿನಲ್ಲಿ ಇಂಥದ್ದನ್ನೆಲ್ಲ ಗೇಲಿ ಮಾಡುತ್ತಿದ್ದವನು ನಾನು. ನರ್ಸ್ ಬಂದು ಅಕ್ಕನ ಕಿವಿ, ಮೂಗು, ಕುತ್ತಿಗೆಯಲ್ಲಿ ಒಡವೆ ಇಲ್ಲವೆಂದು ನೋಡಿ ಹೋದ ಮೇಲೆ, ಆಪರೇಷನ್ ಟೋಪಿಯೊಳಗಿನ ತುರುಬಿಗೆ ಅದನ್ನು ತುರುಕಿದವನೂ ನಾನೇ.

“ಅದು... ಅಮ್ಮನ ಒತ್ತಾಯಕ್ಕೆ ಅಣ್ಣ, ನನಗೇನೂ ಅದರಲ್ಲಿ ನಂಬಿಕೆ...”

ಅಂಗೈ ಚಾಚಿದರು. “ಯಾವು. ಎಲ್ಲಿ ಉಂಟು ಹೇಳಿ.”

“ಹಿಂದೆ. ತುರುಬಿನೊಳಗೆ.”

ಬಾಗಿಲು ಮುಚ್ಚಿತು. ಅಮ್ಮ ನನ್ನ ಮುಖ ನೋಡಲಿಲ್ಲ. ಒಳಗೆ ಅಕ್ಕನ ಬಲಗೈ, ಮಾತು, ಅವಳ ತರಗತಿ, ಎಲ್ಲವೂ ಕಾಣದ ಆ ತುದಿಯ ಮೇಲೆ ನಿಂತಿದ್ದವು. ಎಷ್ಟು ಹೊತ್ತಾಯಿತೋ. ಅವರು ಬಂದು ಹತ್ತಿಬಟ್ಟೆಯಲ್ಲಿ ಸುತ್ತಿದ ತಾಯಿತವನ್ನು ನನ್ನ ಕೈಗಿಟ್ಟರು.

“ಪುನಃ ಸಣ್ಣ ಡೋಸಿನಲ್ಲೇ ತೆಗೆದದ್ದು. ಸ್ಟೆಂಟ್ ಅರಳಿದೆ. ಎರಡೂ ತುದಿ ಸರಿ ಕೂತಿದೆ.”

“ಡಾಕ್ಟ್ರಿಗೆ ಏನು ಹೇಳಿದ್ರಿ?”

“ತುರುಬಿನಲ್ಲಿ ತಾಮ್ರ ಇತ್ತು, ತೆಗೆದೆ ಅಂದೆ. ಕಟ್ಟಿದ ವಿಜ್ಞಾನಿ ಯಾರೂಂತ ಅವರು ಕೇಳ್ಲಿಲ್ಲ.”

ಇದು ನನ್ನ ನೆನಪು. ಅಮ್ಮನ ಪ್ರಕಾರ ಅವಳು ತಾಯಿತವನ್ನು ಕೊಟ್ಟದ್ದು ನನ್ನ ಕಿಸೆಯಲ್ಲಿಟ್ಟುಕೊಳ್ಳಲು. ಕಟ್ಟು ಎಂದು ಹೇಳಿಯೇ ಇಲ್ಲ. ಮುಂದೆ ತಪಾಸಣೆಗೆ ಹೋದ ಅಕ್ಕ ಎಕ್ಸ್‌ರೇ ಅಣ್ಣನ ಬಾಯಿಂದ ಇನ್ನೊಂದು ಕಥೆ ತಂದಳು: “ಏನಾದ್ರೂ ಕಟ್ಟಿದ್ದೀರಾಂತ ಕೇಳಿದ್ರೆ ನೀನು ಎರಡು ಸಲ ಇಲ್ಲ ಅಂದಿಯಂತೆ! ಮೂರನೇ ಸಲ ಬಾಯಿ ಬಿಟ್ಟದ್ದಂತೆ.” ಆ ಎರಡು ‘ಇಲ್ಲ’ಗಳು ನನಗೆ ನೆನಪಿಲ್ಲ. ಬೇಡದ್ದನ್ನು ನೆನಪು ಒರೆಸಿಹಾಕುತ್ತದೆ ಎಂಬುದೂ ನನಗೆ ಗೊತ್ತು. ಒಮ್ಮೆ ವೇಣೂರಿಗೆ ಹೋಗಿ ಅವರನ್ನೇ ಕೇಳಬೇಕೆಂದಿದ್ದೆ. ಕೇಳಲು ಹೆದರಿ ಮುಂದೂಡುತ್ತಿದ್ದೆನೋ ಏನೋ. ಈ ವರ್ಷ ಹೃದಯಾಘಾತದಿಂದ ಅವರು ತೀರಿಕೊಂಡರು.

ಅವರ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಅಕ್ಕ ನನ್ನ ಪಕ್ಕದ ಎಲೆಗೆ ಕೂತಿದ್ದಳು. ಬಲಗೈಯಲ್ಲಿ ಅನ್ನ ಕಲಸುತ್ತಿದ್ದಳು. ತಡೆಯಲಾಗದೆ ಕೇಳಿದೆ, “ನಿಜವಾಗಿ ನಾನು ಎರಡು ಸಲ ಇಲ್ಲ ಅಂದೆ ಅಂತ ಹೇಳಿದ್ರಾ ಅವರು?”

ಬಡಿಸುವವನು ಎದುರಿಗೆ ಬಂದು ನಿಂತಿದ್ದ. ಅಕ್ಕ ಎಲೆಯ ಮೇಲೆ ಅಂಗೈ ಚಾಚಿದಳು. ಅವನಿಗೆ ಹೇಳಿದಳೋ, ನನಗೋ.

“ಯಾವು.”